ರೆಜಿ ಮಿಲ್ಲರನ ಸ್ಥಾನವಿಚಾರ

ಒಬ್ಬನು ತಾನು ಕೈಕೊಂಡ ವಿದ್ಯೆಯಲ್ಲಿ ಮಹಾಪುರುಷರ ಪಂಕ್ತಿಗೆ ಸೇರಿದವನೇ ಅಲ್ಲವೇ ಎಂಬ ವಿವಾದವು ಎಲ್ಲ ಕಾಲಗಳಲ್ಲಿಯೂ ಎಲ್ಲ ದೇಶಗಳಲ್ಲಿಯೂ ನಡೆದುಬಂದಿದೆ. ನಮ್ಮ ಹಿರಿಯರು ಕವಿಗಳ ವಿಷಯದಲ್ಲಿ, ಗಾಯಕರ ವಿಷಯದಲ್ಲಿ, ಗರಡಿಯ ಮಲ್ಲರ ವಿಷಯದಲ್ಲಿ ಇಂಥ ವಾದಗಳನ್ನು ಜಗುಲಿಯ ಮೇಲೆ ಕುಳಿತು ದೀಪ ಆರುವವರೆಗೂ ನಡೆಸುತ್ತಿದ್ದರು. ಈಗಿನ ತರುಣರು ಆಟಗಾರರ ವಿಷಯದಲ್ಲಿ ಅದೇ ವಾದವನ್ನು ಅಷ್ಟೇ ಆವೇಶದಿಂದ ನಡೆಸುವರು. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಯಾರು ದೊಡ್ಡವರೆಂದು ನಾವು ಹೇಗೆ ನಿರ್ಣಯಿಸುವೆವೋ ಅದರಿಂದ, ನಾವು ಯಾವುದನ್ನು ದೊಡ್ಡದೆಂದು ತಿಳಿದಿರುವೆವು ಎಂಬುದು ಹೊರಬೀಳುತ್ತದೆ. ಈ ಕಾರಣದಿಂದ, ಅಮೆರಿಕಾ ದೇಶದ ಬಾಸ್ಕೆಟ್‌ಬಾಲ್ ಆಟಗಾರನಾಗಿದ್ದು 2005ನೆಯ ಇಸವಿಯಲ್ಲಿ ನಿವೃತ್ತನಾದ ರೆಜಿ ಮಿಲ್ಲರನೆಂಬವನ ಸ್ಥಾನವನ್ನು ಕುರಿತು ಅಲ್ಲಿಯ ಜನರು ಇಂದಿಗೂ ನಡೆಸುತ್ತಿರುವ ವಿವಾದವನ್ನು ಎತ್ತಿಕೊಂಡು, ಶಾಸ್ತ್ರಕಾರರ ಕ್ರಮದಂತೆ ಮೊದಲು ವಿಷಯವನ್ನೂ ಆಮೇಲೆ ಪೂರ್ವಪಕ್ಷವನ್ನೂ ಹೇಳಿ, ಕಡೆಯಲ್ಲಿ ನಿರ್ಣಯವನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಆಟವೂ ಅದರ ಗೆರೆಯೂ

ನಮ್ಮ ಪಾಠಶಾಲೆಗಳ ಬಯಲುಗಳಲ್ಲಿಯೂ ಎರಡು ಕಂಬಗಳನ್ನು ನೆಟ್ಟು ಹುಡುಗರು ಆಡುವ ಈ ಆಟವನ್ನು ವಾಚಕರು ನೋಡಿಯೇ ಇರುವರು. ಇದರ ಹುಟ್ಟು ತೀರ ಹಳೆಯದಲ್ಲ. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವನು, ಚಳಿಗಾಲದಲ್ಲಿ ಮನೆಯೊಳಗೇ ಆಡಬಹುದಾದ ಆಟವೊಂದನ್ನು ಕಲ್ಪಿಸಿ, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಗೋಡೆಯ ಮೇಲಣ ಕಟಾಂಜನಕ್ಕೆ ಹತ್ತು ಅಡಿ ಎತ್ತರದಲ್ಲಿ ಹೊಡೆಯಿಸಿದನು. ಬುಟ್ಟಿಯು ಹೋಗಿ ಕಬ್ಬಿಣದ ಬಳೆ ಬಂದಿತು. ಆದರೆ ಆ ಹತ್ತು ಅಡಿಯ ಎತ್ತರವು ಇಂದಿಗೂ ಬದಲಾಗಿಲ್ಲ. ಬಳೆಯ ವ್ಯಾಸವು ಹದಿನೆಂಟು ಅಂಗುಲ. ಚೆಂಡಿನ ವ್ಯಾಸವು ಒಂಬತ್ತೂವರೆ ಅಂಗುಲದಷ್ಟು.

ಬಹುಕಾಲದವರೆಗೆ, ಆಟದ ನಡುವೆ ಎಲ್ಲಿಂದ ಎಸೆದರೂ ಬುಟ್ಟಿಗೆ ಬಿದ್ದ ಚೆಂಡಿಗೆ ಎರಡು ಅಂಕಗಳೇ ದೊರೆಯುತ್ತಿದ್ದುವು. ಹೀಗಿರುವಲ್ಲಿ ಬುಟ್ಟಿಯ ಸಮೀಪದಿಂದ ಎಸೆಯುವುದೇ ಬುದ್ಧಿವಂತಿಕೆ; ಆದುದರಿಂದ ಆಟವು ಎತ್ತರದ ಆಳುಗಳ ಸ್ವತ್ತಾಯಿತು. ಈ ಅಸಮತೆಯನ್ನು ತಗ್ಗಿಸುವುದಕ್ಕಾಗಿ, ಬುಟ್ಟಿಯಿಂದ ದೂರದಲ್ಲಿ ಕಮಾನಿನಂಥ ಗೆರೆಯೊಂದನ್ನು ಎಳೆದು, ಅದರ ಆಚೆಯಿಂದ ಎಸೆದು ಗೆದ್ದವನಿಗೆ ಮೂರು ಅಂಕಗಳನ್ನು ಕೊಡುವ ಪದ್ಧತಿಯನ್ನು 1961ರಲ್ಲಿ ಒಂದು ಒಕ್ಕೂಟವೂ 1967ರಲ್ಲಿ ಎ.ಬಿ.ಎ. ಎಂಬ ಇನ್ನೊಂದು ಒಕ್ಕೂಟವೂ ಆರಂಭಿಸಿದುವು. ಅಮೆರಿಕಾದ ಮುಖ್ಯ ವೃತ್ತಿ ಒಕ್ಕೂಟವಾದ ಎನ್.ಬಿ.ಎ. ಇದನ್ನು ಸ್ವೀಕರಿಸಿದುದು 1979ರಲ್ಲಿ. ಗೆರೆಯು ಬುಟ್ಟಿಯ ಎದುರಿಗೆ 23 ಅಡಿ 9 ಅಂಗುಲ ದೂರದಲ್ಲಿಯೂ ಮೂಲೆಗಳಲ್ಲಿ 22 ಅಡಿ ದೂರದಲ್ಲಿಯೂ ಇರುವುದು.

ನಿಯಮವು ಬಂದರೂ ಅದರ ಪ್ರಯೋಜನವು ಕೂಡಲೇ ಯಾರಿಗೂ ಹೊಳೆಯಲಿಲ್ಲ. ಮೊದಲನೆಯ ವರ್ಷದಲ್ಲಿ ಒಂದು ತಂಡವು ಒಂದು ಪಂದ್ಯದಲ್ಲಿ ಸರಾಸರಿ ಮೂರು ಸಲವೂ ಗೆರೆಯಾಚೆಯಿಂದ ಎಸೆಯುತ್ತಿರಲಿಲ್ಲ. ಹೊತ್ತು ಮೀರುವಾಗ ಕೈಯಿಂದ ಬಿಡುವ ಎಸೆತವೆಂದೂ, ಸೋಲುವವರ ಕಡೆಯ ಉಪಾಯವೆಂದೂ ಅದನ್ನು ತಿಳಿಯುತ್ತಿದ್ದರು. 1987–88ರಲ್ಲಿ ಆ ಸಂಖ್ಯೆಯು ಸುಮಾರು ಐದು. 2004–05ರಲ್ಲಿ ಸುಮಾರು ಹದಿನಾರು. ಈಚಿನ ವರ್ಷಗಳಲ್ಲಿ ಮೂವತ್ತೈದರ ಆಸುಪಾಸು. ಇವುಗಳಲ್ಲಿ ಮೊದಲಿನ ಎರಡು ವರ್ಷಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮಿಲ್ಲರನು ವೃತ್ತಿಯನ್ನು ಆರಂಭಿಸಿದುದು 1987ರಲ್ಲಿ, ಬಿಟ್ಟುದು 2005ರಲ್ಲಿ.

ಮಿಲ್ಲರನ ಚರಿತ್ರೆ

ರೆಜಿ ಮಿಲ್ಲರನು 1965ನೆಯ ಇಸವಿ ಆಗಸ್ಟ್ 24ರಂದು ಕ್ಯಾಲಿಫೋರ್ನಿಯಾ ಪ್ರಾಂತದ ರಿವರ್‌ಸೈಡ್ ಎಂಬ ಊರಿನಲ್ಲಿ ಹುಟ್ಟಿದನು. ಹುಟ್ಟುವಾಗಲೇ ಸೊಂಟದ ಕೀಲುಗಳಲ್ಲಿ ದೋಷವಿದ್ದುದರಿಂದ ಬಾಲ್ಯದ ಕೆಲವು ವರ್ಷಗಳನ್ನು ಕಾಲಿಗೆ ಲೋಹದ ಪಟ್ಟಿಗಳನ್ನು ಕಟ್ಟಿಕೊಂಡೇ ಕಳೆದನು. ಅಣ್ಣನಾದ ಡ್ಯಾರೆಲನು ಬೇಸ್‌ಬಾಲ್ ಆಟವನ್ನೇ ವೃತ್ತಿಯಾಗಿ ಮಾಡಿಕೊಂಡವನು. ಅಕ್ಕ ಚೆರಿಲಳಂತೂ ಸ್ತ್ರೀಯರ ಬಾಸ್ಕೆಟ್‌ಬಾಲಿನಲ್ಲಿ ಅದ್ವಿತೀಯಳು. 1982ರಲ್ಲಿ, ಶಾಲೆಯಲ್ಲಿ ಓದುತ್ತಿರುವಾಗಲೇ, ಒಂದೇ ಪಂದ್ಯದಲ್ಲಿ 105 ಅಂಕಗಳನ್ನು ಗಳಿಸಿದವಳು. 1984ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಪಡೆದ ತಂಡದಲ್ಲಿದ್ದವಳು. ಮನೆಯ ಹಿತ್ತಿಲಿನಲ್ಲಿ ಈ ಅಕ್ಕನ ಎದುರಿಗೆ ಆಡುತ್ತಿದ್ದ ತಮ್ಮನು, ಅವಳು ಚಾಚಿದ ಕೈಯನ್ನು ದಾಟಿಸುವುದಕ್ಕಾಗಿ ಚೆಂಡನ್ನು ಎತ್ತರವಾಗಿ ಬಾಗಿಸಿ ಎಸೆಯುವುದನ್ನು ಕಲಿತನು. ದೌರ್ಬಲ್ಯದಿಂದ ಹುಟ್ಟಿದ ಆ ಅಭ್ಯಾಸವೇ ಮುಂದೆ ಅವನ ವಿದ್ಯೆಯಾಯಿತು.

ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಓದಿ, 1987ರಲ್ಲಿ ಅವನು ಇಂಡಿಯಾನಾ ಪೇಸರ್ಸ್ ಎಂಬ ತಂಡಕ್ಕೆ ಹನ್ನೊಂದನೆಯವನಾಗಿ ಆಯ್ಕೆಯಾದನು. ಆ ಪ್ರಾಂತದ ಜನರಿಗೆ ಇದು ಹಿಡಿಸಲಿಲ್ಲ. ಅದೇ ವರ್ಷ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ರಾಷ್ಟ್ರದ ವಿಜಯವನ್ನು ತಂದುಕೊಟ್ಟಿದ್ದ ಸ್ಟೀವ್ ಆಲ್ಫರ್ಡ್ ಎಂಬ ಊರ ಹುಡುಗನೇ ಬರಬೇಕೆಂದು ಅವರು ಬಯಸಿದ್ದರು. ಆಲ್ಫರ್ಡನು ಬೇರೆ ತಂಡಗಳಲ್ಲಿ ನಾಲ್ಕು ವರ್ಷ ಆಡಿ ಆ ಒಕ್ಕೂಟವನ್ನು ಬಿಟ್ಟನು. ಬೇಡವೆನಿಸಿಕೊಂಡ ಮಿಲ್ಲರನು ಹದಿನೆಂಟು ವರ್ಷ ಅದೇ ಊರಿಗಾಗಿ ಆಡಿದನು.

ಪೇಸರ್ಸ್ ತಂಡವು 1976ರಲ್ಲಿ ಎನ್.ಬಿ.ಎ. ಒಕ್ಕೂಟವನ್ನು ಸೇರಿದುದು ಮೊದಲ್ಗೊಂಡು ಮಿಲ್ಲರನು ಬರುವವರೆಗೆ, ಪ್ಲೇ-ಆಫ್ ಎಂದು ಕರೆಯುವ ಕೊನೆಯ ಸುತ್ತುಗಳಿಗೆ ಎರಡು ಸಲ ಮಾತ್ರ ಹೋಗಿದ್ದಿತು. ಒಂದು ಸುತ್ತನ್ನೂ ಗೆದ್ದಿರಲಿಲ್ಲ. ಅವನ ಹದಿನೆಂಟು ವರ್ಷಗಳಲ್ಲಿ ಹದಿನೈದು ಸಲ ಹೋಯಿತು. ಆರು ಸಲ ಪೂರ್ವವಿಭಾಗದ ಅಂತಿಮ ಸುತ್ತನ್ನು ಮುಟ್ಟಿತು. 2000ನೆಯ ಇಸವಿಯಲ್ಲಿ ಒಂದು ಸಲ ಇಡೀ ಒಕ್ಕೂಟದ ಅಂತಿಮ ಸುತ್ತನ್ನು ಮುಟ್ಟಿ, ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ನಾಲ್ಕಕ್ಕೆ ಎರಡರಂತೆ ಸೋತಿತು.

ಅವನು ಒಟ್ಟು 1,389 ಪಂದ್ಯಗಳಲ್ಲಿ 25,279 ಅಂಕಗಳನ್ನು ಗಳಿಸಿದನು. ಗೆರೆಯಾಚೆಯಿಂದ 6,486 ಸಲ ಎಸೆದು 2,560 ಸಲ ಗೆದ್ದನು. ಅವನು ನಿವೃತ್ತನಾಗುವಾಗ ಇಷ್ಟು ಸಲ ಗೆದ್ದವರು ಬೇರೆ ಯಾರೂ ಇರಲಿಲ್ಲ. ಎದುರಾಳಿಯ ತಪ್ಪಿಗೆ ದಂಡವಾಗಿ ದೊರೆಯುವ ಬಿಡಿ ಎಸೆತಗಳಲ್ಲಿ ನೂರಕ್ಕೆ ಎಂಬತ್ತೆಂಟಕ್ಕಿಂತ ಹೆಚ್ಚನ್ನು ಗೆದ್ದನು. ಐದು ವರ್ಷ ಈ ವಿಷಯದಲ್ಲಿ ಒಕ್ಕೂಟಕ್ಕೇ ಮೊದಲಿಗನಾದನು. 1996ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಪಡೆದ ಅಮೆರಿಕಾದ ತಂಡದಲ್ಲಿಯೂ ಇದ್ದನು.

ಪೂರ್ವಪಕ್ಷ

ಇಷ್ಟಿದ್ದರೂ ಅವನನ್ನು ಸಾರ್ವಕಾಲಿಕ ಮಹಾಪುರುಷರ ಪಂಕ್ತಿಯಲ್ಲಿ ಕೂಡಿಸಲಾಗದೆಂದು ಹೇಳುವವರು ಬಹುಮಂದಿ. ಅವರ ವಾದದಲ್ಲಿ ನಾಲ್ಕು ಅಂಗಗಳಿವೆ. ಅವನ್ನು ಬಲಗುಂದಿಸದೆ ಹೇಳುವುದು ನ್ಯಾಯ.

ಮೊದಲನೆಯದು: ಅವನು ಒಂದು ಸಲವೂ ಚಾಂಪಿಯನ್ ಪದವಿಯನ್ನು ಪಡೆಯಲಿಲ್ಲ. ಗೆದ್ದ ತಂಡದ ಪ್ರತಿಯೊಬ್ಬನಿಗೂ ಉಂಗುರವನ್ನು ಕೊಡುವುದು ಅಲ್ಲಿಯ ಸಂಪ್ರದಾಯ. ಮಿಲ್ಲರನ ಬೆರಳು ಬರಿದು. ದೊರೆತ ಒಂದೇ ಅವಕಾಶದಲ್ಲಿಯೂ, ಅಂದರೆ 2000ನೆಯ ಇಸವಿಯ ಅಂತಿಮ ಸುತ್ತಿನ ಮೊದಲನೆಯ ಪಂದ್ಯದಲ್ಲಿ, ಅವನು ಹದಿನಾರು ಸಲ ಎಸೆದು ಒಂದೇ ಸಲ ಗೆದ್ದನು.

ಎರಡನೆಯದು: ಅವನ ವಿದ್ಯೆಯು ಏಕದೇಶೀಯವಾದುದು. ಎಸೆಯುವುದೊಂದನ್ನು ಬಿಟ್ಟರೆ, ಪುಟಿದ ಚೆಂಡನ್ನು ಹಿಡಿಯುವುದರಲ್ಲಿಯೂ ಜೊತೆಗಾರರಿಗೆ ಚೆಂಡನ್ನು ಒದಗಿಸುವುದರಲ್ಲಿಯೂ ಅವನ ಗಳಿಕೆಯು ಪಂದ್ಯಕ್ಕೆ ಸರಾಸರಿ ಮೂರು ಮೂರು ಮಾತ್ರ. ಸಮಕಾಲೀನರೇ ಅವನನ್ನು ವರ್ಷದ ಆಲ್‌ಸ್ಟಾರ್ ಪಂದ್ಯಕ್ಕೆ ಆರಿಸಿದುದು ಐದೇ ಸಲ. ವರ್ಷದ ಶ್ರೇಷ್ಠರ ಪಟ್ಟಿಯಲ್ಲಿ ಅವನಿಗೆ ದೊರೆತುದು ಮೂರು ಸಲ ಮೂರನೆಯ ತಂಡದ ಸ್ಥಾನ. 1996ರಲ್ಲಿ ಒಕ್ಕೂಟವು ತನ್ನ ಐವತ್ತನೆಯ ವರ್ಷದ ನೆನಪಿಗೆ ಐವತ್ತು ಮಂದಿ ಶ್ರೇಷ್ಠರನ್ನು ಆರಿಸಿದಾಗ ಅವನ ಹೆಸರು ಬರಲಿಲ್ಲ.

ಮೂರನೆಯದು: ಅವನಿಗಿದ್ದ ಒಂದು ದಾಖಲೆಯೂ ಉಳಿಯಲಿಲ್ಲ. 2011ರ ಫೆಬ್ರವರಿ 10ರಂದು ರೇ ಆಲೆನ್ ಎಂಬವನು ಅದನ್ನು ದಾಟಿದನು. 2021ರ ಡಿಸೆಂಬರ್ 14ರಂದು ಸ್ಟೀಫನ್ ಕರಿ ಎಂಬವನು ಆಲೆನ್ನನ 2,973ನ್ನು ದಾಟಿದನು. 2025ರ ಮಾರ್ಚಿಯಲ್ಲಿ ಅದೇ ಕರಿಯು ನಾಲ್ಕು ಸಾವಿರವನ್ನೂ ಮುಟ್ಟಿದನು. ಹೀಗಿರುವಾಗ 2,560 ಎಂಬುದು ಯಾವ ಲೆಕ್ಕ?

ನಾಲ್ಕನೆಯದು: ಅವನ ಕೀರ್ತಿಗೆ ಆಧಾರವಾದುವು ನ್ಯೂಯಾರ್ಕ್ ಮಹಾನಗರದಲ್ಲಿ ನಡೆದ ಎರಡು ಮೂರು ಸಂಜೆಗಳು. ಅಲ್ಲಿ ಪತ್ರಿಕೆಗಳು ಹೆಚ್ಚು, ಮಾತು ಹೆಚ್ಚು. ಸಣ್ಣದೂ ದೊಡ್ಡದಾಗಿ ಕಾಣುವುದು. 1994ರ ಜೂನ್ 1ರಂದು ಅವನು ಕೊನೆಯ ಪಾದವೊಂದರಲ್ಲಿಯೇ 25 ಅಂಕಗಳನ್ನು ಗಳಿಸಿದುದು ನಿಜ. ಆದರೆ ಅದರ ಮುಂದಿನ ಎರಡು ಪಂದ್ಯಗಳಲ್ಲಿ ಸೋತು ಹೊರಬಿದ್ದವರು ಪೇಸರ್ಸ್ ತಂಡದವರೇ ಅಲ್ಲವೇ?

ಪರೀಕ್ಷೆ

ಮೊದಲಿಗೆ ಉಂಗುರದ ವಾದವನ್ನು ನೋಡೋಣ. ಒಂದು ವಸ್ತುವು ಇನ್ನೊಂದಕ್ಕೆ ಕಾರಣವೋ ಅಲ್ಲವೋ ಎಂಬುದನ್ನು ಅನ್ವಯ ವ್ಯತಿರೇಕಗಳಿಂದ ತಿಳಿಯಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಉಂಗುರವಿದ್ದಲ್ಲಿ ಮಹತ್ತ್ವವು ಇರುವುದೇ? ರಾಬರ್ಟ್ ಹಾರಿ ಎಂಬ ಆಟಗಾರನಿಗೆ ಮೂರು ತಂಡಗಳಲ್ಲಿ ಆಡಿ ಪಡೆದ ಏಳು ಉಂಗುರಗಳಿವೆ. ಮೈಕೇಲ್ ಜಾರ್ಡನ್ನನಿಗೇ ಇರುವುದು ಆರು. ಹಾರಿಯು ಒಳ್ಳೆಯ ಆಟಗಾರನೇ ಸರಿ; ಆದರೆ ಅವನು ಜಾರ್ಡನ್ನನಿಗಿಂತ ಮೇಲೆಂದು ಹೇಳಿದವರನ್ನು ಕಾಣೆವು. ಇನ್ನು ಉಂಗುರವಿಲ್ಲದಲ್ಲಿ ಮಹತ್ತ್ವವು ಇಲ್ಲವೇ? 1996ರ ಆ ಐವತ್ತು ಹೆಸರುಗಳಲ್ಲಿಯೇ ಚಾರ್ಲ್ಸ್ ಬಾರ್ಕ್ಲಿ, ಕಾರ್ಲ್ ಮೆಲೋನ್, ಜಾನ್ ಸ್ಟಾಕ್ಟನ್, ಪ್ಯಾಟ್ರಿಕ್ ಯೂಯಿಂಗ್ ಎಂಬ ನಾಲ್ವರಿದ್ದಾರೆ. ಇವರಲ್ಲಿ ಒಬ್ಬನಿಗೂ ಅಂದು ಉಂಗುರವಿರಲಿಲ್ಲ, ಮುಂದೆಯೂ ದೊರೆಯಲಿಲ್ಲ. ಇದ್ದಲ್ಲಿ ಇಲ್ಲದೆಯೂ, ಇಲ್ಲದಲ್ಲಿ ಇದ್ದೂ ಕಾಣುವ ವಸ್ತುವನ್ನು ಲಕ್ಷಣವೆಂದು ಹೇಗೆ ಒಪ್ಪುವುದು?

ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಮಿಲ್ಲರನ ಚರಿತ್ರೆಯಲ್ಲಿಯೇ ಇದೆ. ಅವನು ನಿವೃತ್ತನಾಗಿ ಎರಡು ವರ್ಷಗಳಾದ ಮೇಲೆ, 2007ರ ಬೇಸಗೆಯಲ್ಲಿ, ಬಾಸ್ಟನ್ ಸೆಲ್ಟಿಕ್ಸ್ ತಂಡದವರು ಅವನನ್ನು ಮರಳಿ ಆಡಲು ಕರೆದರು. ಆ ವರ್ಷ ಅವರು ಕೆವಿನ್ ಗಾರ್ನೆಟ್ಟನನ್ನೂ ಮೇಲೆ ಹೇಳಿದ ರೇ ಆಲೆನ್ನನನ್ನೂ ತಂಡಕ್ಕೆ ತಂದುಕೊಂಡಿದ್ದರು. ಪದವಿಯು ಅವರಿಗೇ ಬರುವ ಸೂಚನೆ ಬಲವಾಗಿದ್ದಿತು. ಮಿಲ್ಲರನಿಗೆ ಆಗ ನಲವತ್ತೆರಡು ವರ್ಷ. ಅವನು ಯೋಚಿಸಿ ನೋಡಿ, ಪೂರ್ಣ ಮನಸ್ಸಿನಿಂದ ಆಡಲಾರೆನೆಂದು ತಿಳಿದು, ಒಲ್ಲೆನೆಂದನು. ಮರುವರ್ಷ, ಅಂದರೆ 2008ರಲ್ಲಿ, ಸೆಲ್ಟಿಕ್ಸ್ ತಂಡವು ಚಾಂಪಿಯನ್ ಆಯಿತು. ಈಗ ಪೂರ್ವಪಕ್ಷದವರನ್ನು ಒಂದು ಮಾತು ಕೇಳಬಹುದು: ಅವನು ಒಪ್ಪಿ ಹೋಗಿ, ಮಣೆಯ ಮೇಲೆ ಕುಳಿತು, ಪಂದ್ಯಕ್ಕೆ ನಾಲ್ಕು ನಿಮಿಷ ಆಡಿ, ಒಂದು ಉಂಗುರವನ್ನು ಹಾಕಿಕೊಂಡಿದ್ದರೆ, ಅದರ ಹಿಂದಿನ ಹದಿನೆಂಟು ವರ್ಷಗಳು ಒಂದು ಕೂದಲೆಳೆಯಷ್ಟಾದರೂ ಹೆಚ್ಚು ದೊಡ್ಡವಾಗುತ್ತಿದ್ದುವೇ? ಹೌದೆನ್ನುವುದು ನಗೆಗೀಡು. ಇಲ್ಲವೆಂದರೆ, ಉಂಗುರವಿಲ್ಲದ ಮಾತ್ರಕ್ಕೆ ಅವು ಚಿಕ್ಕವಾಗುವುದೂ ಇಲ್ಲ. ಉಂಗುರವು ತಂಡದ ಫಲ. ಹನ್ನೆರಡು ಮಂದಿಯ ಯೋಗ್ಯತೆ, ಯಜಮಾನನ ಹಣ, ಎದುರಾಳಿಯ ಬಲಾಬಲ, ಕಾಲದ ಅನುಕೂಲ ಇವೆಲ್ಲ ಸೇರಿ ಆಗುವಂಥದು.

ಕಾಲದ ಅನುಕೂಲವೆಂದೆವು. ಮಿಲ್ಲರನು ಪ್ರಾಯದಲ್ಲಿದ್ದ ವರ್ಷಗಳು ಜಾರ್ಡನ್ನನ ವರ್ಷಗಳು. ಚಿಕಾಗೋ ಬುಲ್ಸ್ ತಂಡವು 1991ರಿಂದ 1998ರ ಒಳಗೆ ಆರು ಸಲ ಚಾಂಪಿಯನ್ ಆಯಿತು. ಆ ಆರು ವಿಜಯಯಾತ್ರೆಗಳಲ್ಲಿ ಅವರನ್ನು ಏಳನೆಯ ಪಂದ್ಯದವರೆಗೆ ಎಳೆದುಕೊಂಡು ಹೋದ ತಂಡಗಳು ಎರಡೇ: 1992ರಲ್ಲಿ ನ್ಯೂಯಾರ್ಕ್ ನಿಕ್ಸ್, 1998ರಲ್ಲಿ ಇಂಡಿಯಾನಾ ಪೇಸರ್ಸ್. ಆ 1998ರ ಸುತ್ತಿನ ನಾಲ್ಕನೆಯ ಪಂದ್ಯದಲ್ಲಿ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಉಳಿದಿರುವಾಗ, ಜಾರ್ಡನ್ನನ ಕಾವಲನ್ನೇ ತಪ್ಪಿಸಿಕೊಂಡು ಗೆರೆಯಾಚೆಯಿಂದ ಎಸೆದು ಪಂದ್ಯವನ್ನು ಗೆದ್ದುಕೊಟ್ಟವನು ಮಿಲ್ಲರನು. ಏಳನೆಯ ಪಂದ್ಯವನ್ನು ಚಿಕಾಗೋ ತಂಡವು ಐದೇ ಅಂಕಗಳಿಂದ ಗೆದ್ದಿತು. ಆದಿಕವಿ ಪಂಪನು ಗೆದ್ದ ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡು ಕಾವ್ಯವನ್ನು ಬರೆದರೂ, ಬಿದ್ದ ಕರ್ಣನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಬಿಡಲಿಲ್ಲ. ಚರಿತ್ರೆಯನ್ನು ಬರೆಯುವವನು ಕವಿಗಿಂತ ಕೃಪಣನಾಗಬಾರದು.

2000ನೆಯ ಇಸವಿಯ ಆ ಕೆಟ್ಟ ಪಂದ್ಯದ ಮಾತೂ ಹೀಗೆಯೇ. ಅಂದು ಅವನು ಗಳಿಸಿದುದು ಏಳೇ ಅಂಕ, ಇದನ್ನು ಮುಚ್ಚಬೇಕಾಗಿಲ್ಲ. ಆದರೆ ಮುಂದಿನ ಐದು ಪಂದ್ಯಗಳಲ್ಲಿ ಕ್ರಮವಾಗಿ 21, 33, 35, 25, 25 ಅಂಕಗಳನ್ನು ಗಳಿಸಿದನೆಂಬುದನ್ನೂ ಅದೇ ಬಾಯಿಂದ ಹೇಳಬೇಕು. ಒಂದು ಪುಟವನ್ನು ಓದಿ ಐದು ಪುಟಗಳನ್ನು ಮಡಿಸಿಡುವುದು ಪರೀಕ್ಷಕನ ಧರ್ಮವಲ್ಲ.

ಎರಡನೆಯ ಅಂಗದಲ್ಲಿ ಸತ್ಯಾಂಶವಿದೆ. ಮಿಲ್ಲರನು ಸರ್ವಶಾಸ್ತ್ರ ಪಂಡಿತನಲ್ಲ. ಒಂದು ಶಾಸ್ತ್ರದಲ್ಲಿ ಪಾರಂಗತನು. ಆದರೆ ಆ ಒಂದು ಶಾಸ್ತ್ರದ ಬೆಲೆಯನ್ನು ಸರಿಯಾಗಿ ಕಟ್ಟಬೇಕು. ಅವನು ಆಟದ ನಡುವೆ ಎಸೆದುದು 17,499 ಸಲ. ಬಿಡಿ ಎಸೆತಗಳು 7,026; ಇವು ಬಹುಮಟ್ಟಿಗೆ ಎರಡೆರಡಾಗಿ ಬರುವುದರಿಂದ, ಅಲ್ಲಿಯ ಗಣಿತಜ್ಞರ ವಾಡಿಕೆಯಂತೆ ಇವನ್ನು ಸುಮಾರು 3,100 ಅವಕಾಶಗಳೆಂದು ಎಣಿಸಬಹುದು. ಒಟ್ಟು 20,600ರಷ್ಟು ಅವಕಾಶಗಳಲ್ಲಿ 25,279 ಅಂಕಗಳು. ಅಂದರೆ ಅವಕಾಶವೊಂದಕ್ಕೆ 1.23 ಅಂಕ. ಅವನು ಆಡಿದ ಹದಿನೆಂಟು ವರ್ಷಗಳಲ್ಲಿ ಒಂದು ವರ್ಷವಾದರೂ ಒಕ್ಕೂಟದ ಸರಾಸರಿಯು 1.10ನ್ನು ಮುಟ್ಟಲಿಲ್ಲ. ಸೇರಿಗೆ ಸೇರು ಅಳೆಯುವ ಲೋಕದಲ್ಲಿ ಹದಿನೆಂಟು ವರ್ಷ ತಪ್ಪದೆ ಸೇರಿನ ಮೇಲೆ ಪಾವು ಅಳೆದುಕೊಟ್ಟವನನ್ನು ಸಾಮಾನ್ಯನೆನ್ನಲಾಗದು.

ಅಂಕಗಳ ಪಟ್ಟಿಯಲ್ಲಿ ಕಾಣದ ಉಪಕಾರವೂ ಒಂದುಂಟು. ಮಿಲ್ಲರನು ಚೆಂಡು ಕೈಯಲ್ಲಿಲ್ಲದಾಗಲೂ ನಿಂತವನಲ್ಲ. ತನ್ನ ತಂಡದ ದೊಡ್ಡ ಆಳುಗಳನ್ನು ಕಂಬಗಳಂತೆ ನಿಲ್ಲಿಸಿಕೊಂಡು ಅವರ ಸುತ್ತ ಎಡೆಬಿಡದೆ ಓಡುವನು. ಬೆನ್ನಟ್ಟುವ ಕಾವಲುಗಾರನು ಒಬ್ಬ ದೊಡ್ಡ ಆಳಿಗೆ ತಡೆದು ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಸಾಕು, ಚೆಂಡು ಬಂದು ಕೈಸೇರುವುದೂ ಕೈಬಿಡುವುದೂ ಒಂದೇ ಚಲನೆಯಾಗಿ ನಡೆದುಹೋಗುವುದು. ಅವನನ್ನು ಬಿಟ್ಟು ಹೋಗಲು ಎದುರಾಳಿಗಳಿಗೆ ಧೈರ್ಯವಿಲ್ಲದುದರಿಂದ, ಬುಟ್ಟಿಯ ಬಳಿಯಿದ್ದ ರಿಕ್ ಸ್ಮಿಟ್ಸ್ ಮೊದಲಾದ ಜೊತೆಗಾರರಿಗೆ ಬಯಲು ತೆರೆಯುತ್ತಿದ್ದಿತು. ಚೆಂಡನ್ನು ಮುಟ್ಟದೆಯೇ ಮಾಡಿದ ಈ ಸಹಾಯವನ್ನು ಬರೆದುಕೊಳ್ಳುವ ಲೆಕ್ಕಿಗನು ಆ ಕಾಲದಲ್ಲಿ ಇರಲಿಲ್ಲ. 1996ರ ಪಟ್ಟಿಯ ವಿಷಯದಲ್ಲಿ ಇನ್ನೊಂದು ಮಾತು: ಆಗ ಅವನಿಗೆ ಮುಂದೆ ಆಡಲು ಒಂಬತ್ತು ಋತುಗಳಿದ್ದುವು. ಅದೇ ಒಕ್ಕೂಟವು 2021ರಲ್ಲಿ, ಎಪ್ಪತ್ತೈದನೆಯ ವರ್ಷದ ನೆನಪಿಗೆ ಹೊಸ ಪಟ್ಟಿಯನ್ನು ಮಾಡಿಸಿದಾಗ, ಸಮಮತಗಳು ಬಂದುದರಿಂದ ಎಪ್ಪತ್ತಾರಾದ ಆ ಹೆಸರುಗಳಲ್ಲಿ ಮಿಲ್ಲರನ ಹೆಸರೂ ಸೇರಿತು. ಅರ್ಧ ಗ್ರಂಥವನ್ನು ಓದಿ ಕೊಟ್ಟ ತೀರ್ಪನ್ನು ಪೂರ್ಣ ಗ್ರಂಥವನ್ನು ಓದಿದ ಮೇಲೆ ತಿದ್ದಿಕೊಂಡುದು ಯುಕ್ತವೇ ಆಯಿತು.

ಮೂರನೆಯ ಅಂಗಕ್ಕೆ ಉತ್ತರವು ಮೊದಲಲ್ಲಿ ನೆನಪಿಡಬೇಕೆಂದ ಲೆಕ್ಕದಲ್ಲಿದೆ. ತಂಡವೊಂದು ಐದು ಸಲ ಎಸೆಯುತ್ತಿದ್ದ ಕಾಲದಲ್ಲಿ ಆರಂಭಿಸಿದವನ ಸಂಖ್ಯೆಯನ್ನು, ಮೂವತ್ತೈದು ಸಲ ಎಸೆಯುವ ಕಾಲದವನ ಸಂಖ್ಯೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಕಾಡನ್ನು ಕಡಿದು ಮೊದಲ ಬೆಳೆ ತೆಗೆದವನ ಮೂಟೆಗಳಿಗಿಂತ, ಕಾಲುವೆ ಬಂದಮೇಲೆ ಉತ್ತವನ ಮೂಟೆಗಳು ಹೆಚ್ಚಾಗುವುದು ಸಹಜವೇ. ಕರಿಯು ಎಸೆತದಲ್ಲಿ ಮಿಲ್ಲರನಿಗಿಂತ ಮೇಲೆಂಬುದನ್ನು ನಾವು ಒಪ್ಪುವೆವು; ಆದರೆ ಕರಿಯು ಓಡುವ ದಾರಿಗಳನ್ನು ಮೊದಲು ಸವೆಸಿದವರಲ್ಲಿ ಮಿಲ್ಲರನು ಅಗ್ರಗಣ್ಯನು. ದಾಖಲೆಯು ಕೈಬಿಟ್ಟ ಎರಡು ದಿನಗಳಲ್ಲಿಯೂ ಮಿಲ್ಲರನು ಸ್ಥಳದಲ್ಲಿಯೇ ಇದ್ದನು. 2011ರಲ್ಲಿ ಆಲೆನ್ನನು ಪಂದ್ಯದ ನಡುವೆಯೇ ಬಂದು ಅವನನ್ನು ಆಲಿಂಗಿಸಿದನು. 2021ರಲ್ಲಿ ಅವನೂ ಆಲೆನ್ನನೂ ಜೊತೆಯಾಗಿ ಬಂದು ಕರಿಯನ್ನು ಹರಸಿದರು. ಗುರುಪರಂಪರೆಯ ಪರಿಚಯವಿರುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಅಂಗವು ಉಳಿಯಿತು. ನ್ಯೂಯಾರ್ಕಿನ ಸಂಜೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1995ರ ಮೇ 7ರದು. ಪಂದ್ಯವು ಮುಗಿಯಲು 18.7 ಸೆಕೆಂಡು ಉಳಿದಿದ್ದಾಗ ನಿಕ್ಸ್ ತಂಡವು 105ಕ್ಕೆ 99ರಂತೆ ಮುಂದಿದ್ದಿತು. ಜನರು ಏಳತೊಡಗಿದ್ದರು. ಮಿಲ್ಲರನು ಗೆರೆಯಾಚೆಯಿಂದ ಎಸೆದು ಮೂರು ಅಂಕಗಳನ್ನು ಪಡೆದನು. ಎದುರಾಳಿಯು ಒಳಕ್ಕೆ ಎಸೆದ ಚೆಂಡನ್ನು ಮರುಕ್ಷಣವೇ ಕಸಿದುಕೊಂಡನು. ಬುಟ್ಟಿಯು ಸಮೀಪದಲ್ಲಿಯೇ ಇದ್ದಿತು. ಇನ್ನೊಬ್ಬನಾಗಿದ್ದರೆ ನುಗ್ಗಿ ಎರಡು ಅಂಕಗಳನ್ನು ಪಡೆಯುತ್ತಿದ್ದನು. ಆದರೆ ಸಮವಾಗಲು ಬೇಕಾದುದು ಮೂರೆಂಬುದು ಅವನಿಗೆ ನೆನಪಿದ್ದಿತು. ಆದುದರಿಂದ ಬುಟ್ಟಿಗೆ ಬೆನ್ನುಮಾಡಿ ಗೆರೆಯ ಆಚೆಗೆ ಹೆಜ್ಜೆಯಿಟ್ಟು, ತಿರುಗಿ ಎಸೆದು, 105ಕ್ಕೆ 105 ಮಾಡಿದನು. ಎದುರಾಳಿಗಳು ತಮಗೆ ದೊರೆತ ಎರಡು ಬಿಡಿ ಎಸೆತಗಳನ್ನೂ ಕಳೆದುಕೊಂಡರು. ಪುಟಿದ ಚೆಂಡನ್ನು ಹಿಡಿದ ಮಿಲ್ಲರನು ತನಗೆ ದೊರೆತ ಎರಡನ್ನೂ ಗೆದ್ದನು. 8.9 ಸೆಕೆಂಡುಗಳಲ್ಲಿ ಎಂಟು ಅಂಕ. ಪಂದ್ಯವು 107ಕ್ಕೆ 105. ಇದನ್ನು ಅದೃಷ್ಟವೆನ್ನುವವರು ಆ ಹಿಂದಕ್ಕಿಟ್ಟ ಹೆಜ್ಜೆಯನ್ನು ವಿಚಾರಮಾಡಬೇಕು. ಅದೃಷ್ಟವು ಚೆಂಡನ್ನು ಕೈಗೆ ಕೊಡಬಹುದು; ಇಪ್ಪತ್ತು ಸಾವಿರ ಜನರ ಕೂಗಿನ ನಡುವೆ ಕೂಡುವ ಕಳೆಯುವ ಲೆಕ್ಕವನ್ನು ತಪ್ಪದಂತೆ ಇಟ್ಟುಕೊಳ್ಳುವುದು ಅಭ್ಯಾಸದಿಂದ ಬರುವ ಸಮಾಧಾನ.

ಒಂದೆರಡು ಸಂಜೆಗಳ ಮಾತೇ ಬೇಡವೆಂದರೆ ಎಲ್ಲ ಸಂಜೆಗಳನ್ನೂ ಕೂಡಿಸಿ ನೋಡಬಹುದು. ಸಾಮಾನ್ಯ ಪಂದ್ಯಗಳಲ್ಲಿ ಅವನ ಸರಾಸರಿಯು 18.2, ಎದುರಾಳಿಗಳು ಬಲಿಷ್ಠರಾಗಿಯೂ ಕಾವಲು ಬಿಗಿಯಾಗಿಯೂ ಇರುವ ಪ್ಲೇ-ಆಫ್ ಸುತ್ತುಗಳ 144 ಪಂದ್ಯಗಳಲ್ಲಿ 20.6. ಕಷ್ಟವು ಹೆಚ್ಚಿದಂತೆ ಕೈ ಹೆಚ್ಚಿದವನು ಅವನು. 144 ಪಂದ್ಯಗಳನ್ನು ಮೂರು ಸಂಜೆಗಳೆಂದು ಯಾರೂ ಹೇಳರು.

ನಿರ್ಣಯ

ಈ ವಿವಾದವು ಮುಗಿಯದಿರುವುದಕ್ಕೆ ಮುಖ್ಯ ಕಾರಣವು, ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿದುದು. ‘ಇವನು ಎಲ್ಲರಿಗಿಂತ ದೊಡ್ಡವನೇ?’ ಎಂಬುದು ಒಂದು. ‘ಇವನು ದೊಡ್ಡವರ ಸಭೆಯಲ್ಲಿ ಕೂಡತಕ್ಕವನೇ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ, ಅಲ್ಲವೆಂದೇ. ಆಟದ ಎಲ್ಲ ಅಂಗಗಳಲ್ಲಿಯೂ ಪ್ರಭುತ್ವವನ್ನು ತೋರಿದ ಜಾರ್ಡನ್ನನೂ, ಹನ್ನೊಂದು ಸಲ ತನ್ನ ತಂಡಕ್ಕೆ ಪದವಿಯನ್ನು ತಂದ ಬಿಲ್ ರಸೆಲನೂ ಕುಳಿತಿರುವ ಮೊದಲ ಸಾಲಿನಲ್ಲಿ ಮಿಲ್ಲರನಿಗೆ ಎಡೆಯಿಲ್ಲ. ಪೂರ್ವಪಕ್ಷದ ಎರಡನೆಯ ಅಂಗವು ಇಷ್ಟನ್ನು ಸಾಧಿಸಿತು. ಎರಡನೆಯ ಪ್ರಶ್ನೆಗೆ ಉತ್ತರ, ಹೌದು. ಎಸೆತವೆಂಬ ವಿದ್ಯೆಯಲ್ಲಿ ಅವನು ಈವರೆಗಿನ ಕೆಲವೇ ಪ್ರಮುಖರಲ್ಲಿ ಒಬ್ಬನು. ಇನ್ನೂ ಬೆಲೆ ಕಟ್ಟದಿದ್ದ ಒಂದು ಗೆರೆಗೆ ಬೆಲೆಯನ್ನು ತೋರಿಸಿಕೊಟ್ಟವನು. ಬೇಡವೆಂದ ಊರಿನಲ್ಲಿಯೇ ನಿಂತು, ಎನ್.ಬಿ.ಎ. ಒಕ್ಕೂಟದಲ್ಲಿ ಅದುವರೆಗೆ ಒಂದು ಸುತ್ತನ್ನೂ ಗೆಲ್ಲದಿದ್ದ ತಂಡವನ್ನು ಹದಿನೈದು ಸಲ ಕೊನೆಯ ಸುತ್ತುಗಳಿಗೆ ಒಯ್ದವನು. ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಹಾಲ್ ಆಫ್ ಫೇಮ್ ಎಂಬ ಕೀರ್ತಿಮಂದಿರವು 2011ರಲ್ಲಿ ಅವನನ್ನು ಬಿಟ್ಟು, 2012ರಲ್ಲಿ ಬರಮಾಡಿಕೊಂಡಿತು. ಅವನ ಅಕ್ಕ ಚೆರಿಲಳು 1995ರಿಂದಲೇ ಅಲ್ಲಿದ್ದಳು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಗಳಲ್ಲಿಯೂ ಒಂದು ಉಂಗುರದ ವಾದವು ದಿನವೂ ನಡೆಯುತ್ತಿದೆ. ಮಗುವಿಗೆ ಎಷ್ಟನೆಯ ಸ್ಥಾನ ಬಂದಿತೆಂದು ಕೇಳುವೆವೇ ಹೊರತು, ಏನನ್ನು ಕಲಿತಿತೆಂದು ಕೇಳುವುದು ಅಪರೂಪ. ತರಗತಿಯಲ್ಲಿ ಮೊದಲ ಸ್ಥಾನವಿರುವುದು ಒಂದೇ. ಜಾರ್ಡನ್ನನಂಥವನು ಅದೇ ತರಗತಿಯಲ್ಲಿದ್ದರೆ ಉಳಿದವರಿಗೆ ಅದು ದೊರೆಯದು. ಅದರಿಂದ ಉಳಿದವರೆಲ್ಲರೂ ಅಲ್ಪರೆಂದು ಬರೆದಿಡುವ ಪದ್ಧತಿಯನ್ನು ನಾವು ಇಟ್ಟುಕೊಂಡರೆ, ಅನೇಕ ಒಳ್ಳೆಯ ಜೀವನಗಳು ನಮ್ಮ ಕಣ್ಣೆದುರಿಗೇ ಲೆಕ್ಕಕ್ಕೆ ಬಾರದೆ ಹೋಗುವುವು.

ಮಿಲ್ಲರನ ಕಡೆಯ ಪಂದ್ಯವು 2005ರ ಮೇ 19ರಂದು ಅವನ ಊರಾದ ಇಂಡಿಯಾನಾಪೊಲಿಸಿನಲ್ಲಿ ಡೆಟ್ರಾಯಿಟ್ ತಂಡದೊಡನೆ ನಡೆಯಿತು. ಅವನಿಗೆ ಮೂವತ್ತೊಂಬತ್ತು ವರ್ಷ, ಅಂದು 27 ಅಂಕಗಳನ್ನು ಗಳಿಸಿದನು, ತಂಡವು ಸೋತಿತು. ಸೋಲು ನಿಶ್ಚಯವಾದ ಮೇಲೆ ಅವನನ್ನು ಕಣದಿಂದ ಹೊರಕ್ಕೆ ಕರೆದುಕೊಂಡರು. ಜನರೆಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಆಗ ಎದುರು ತಂಡದ ಶಿಕ್ಷಕನಾದ ಲ್ಯಾರಿ ಬ್ರೌನನು, ಹಿಂದೆ ಮಿಲ್ಲರನಿಗೂ ಶಿಕ್ಷಕನಾಗಿದ್ದವನು, ತನಗೆ ಬೇಕಾಗಿಲ್ಲದಿದ್ದರೂ ಇನ್ನೊಂದು ವಿರಾಮವನ್ನು ಕೇಳಿ ಪಂದ್ಯವನ್ನು ನಿಲ್ಲಿಸಿದನು. ಗೆಲ್ಲುತ್ತಿದ್ದ ಡೆಟ್ರಾಯಿಟಿನ ಆಟಗಾರರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ವರ್ಷವಷ್ಟೇ ಚಾಂಪಿಯನ್ನರಾಗಿ ಉಂಗುರಗಳನ್ನು ಪಡೆದಿದ್ದ ಕೈಗಳು ಅವು.